ಬೆನ್ನು ಸೀಳಿದ ಕೋಟು

ಗಲ್ಫಿನ ಅಲ್ ಮುಂತಜಾ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಫೋಟೊ ಸ್ಟುಡಿಯೋ ಇಟ್ಟಿದ್ದವರು ಮಂಗಳೂರು ಕಡೆಯ ಬ್ಯಾರಿ. ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೋಗಳಲ್ಲಿ ಬಡವರಿಗೆ ಕೋಟು ಎರವಲು ಸಿಗುತ್ತಿತ್ತೆಂದು ಕಾಲೇಜಿನಲ್ಲಿ ಓದಿದ್ದೆ. ಇವರಲ್ಲಿ ಕಣ್ಣಾರೆ ಕಂಡೆ. ಯಾರ ಮೈಗಾದರೂ ಹೊಂದಲೆಂದು ಕೋಟಿನ ಬೆನ್ನು ಸೀಳಿದ್ದರು. ತೊಡಿಸಿ, ಹಿಂದೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, "ತಿರುಗ್ಬೇಡಿ ಮಾರಾಯ್ರೇ" ಎನ್ನುತ್ತಿದ್ದರು.

ಒಂದು ಶುಕ್ರವಾರ ನಾನು ಅಲ್ಲಿ ಕೂತಿದ್ದಾಗ ಗದಗ ಕಡೆಯ ವೆಲ್ಡರ್ ಒಬ್ಬ, ಹೆಣ್ಣಿನ ಮನೆಗೆ ಕಳಿಸುವ ಫೋಟೊಗಾಗಿ ಆ ಕೋಟಿನಲ್ಲಿ ನಿಂತಿದ್ದ. ಅಷ್ಟರಲ್ಲಿ ಆ ಮನೆಯವರದೇ ವಿಡಿಯೋ ಕಾಲ್ ಬಂತು. ಸ್ಟುಡಿಯೋದವರು ಫೋನು ಹಿಡಿದರು. ಕೋಟು ಕಂಡು ಹೆಣ್ಣಿನ ತಂದೆ ಹಿಗ್ಗಿದರು.

"ಆಫೀಸ್ ಚೊಲೋ ಐತಲ್ರಿ!"

ಹುಡುಗ ಗಾಬರಿಯಲ್ಲಿ, ಹಿಂದಿನ ಪರದೆಯ ಮೇಲೆ ಬರೆದಿದ್ದ ಪುಸ್ತಕದ ಕಪಾಟು ತೋರಿಸಲು ತಿರುಗಿಯೇಬಿಟ್ಟ.

"ಇದೇನ್ರಿ, ಬೆನ್ನಾಗ ಅರಿವಿ ಕ್ಲಿಪ್ಪು?"

ಸ್ಟುಡಿಯೋದವರು ಹೇಳಿದರು: "ಕೋಟು ನಂದು ಸ್ವಾಮಿ. ಒಳಗಿನ ಯೂನಿಫಾರ್ಮ್ ಅವರದ್ದು. ವೆಲ್ಡಿಂಗ್ ಕೆಲಸ."

ಆಚೆ ಯಾರೋ ನಕ್ಕರು. ಹುಡುಗಿಯೇ ಎಂದು ನನ್ನ ನೆನಪು. ಅದನ್ನು ನಾನು ಪೂರ್ತಿ ನಂಬುವುದಿಲ್ಲ. "ಅಪ್ಪಾ, ಫೋನ್ ಇಲ್ಲಿ ತಾ" ಎಂದವಳು ಮಾತ್ರ ಅವಳೇ.

ಸ್ಟುಡಿಯೋದವರು ಫೋನನ್ನು ವೆಲ್ಡರನ ಕೈಗಿತ್ತು, ನನ್ನ ತೋಳು ಹಿಡಿದು ಹೊರಗೆ ಕರೆತಂದು ಬಾಗಿಲು ಎಳೆದುಕೊಂಡರು.