ಶಹಾಬಾದದಿಂದ ಗಿರಣಿ ಎಳೆದು ತಂದದ್ದು

ಫೆಬ್ರುವರಿಯ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲೇ ನಾನು ಮತ್ತು ಅಕ್ಕ ಚಿಂಚೋಳಿ ಬಿಟ್ಟೆವು. ಗಾಡಿ ನನ್ನದು, ಎರಡನೇ ವರ್ಷಕ್ಕೆ ಕಾಲಿಟ್ಟ ಡೀಸೆಲ್ ಪಿಕಪ್. ತರಬೇಕಾದದ್ದು ಶಹಾಬಾದದಲ್ಲಿ ತಯಾರಾಗಿ ನಿಂತಿದ್ದ, ಗಾಲಿಗಳ ಮೇಲೆ ಕೂರಿಸಿದ ತೊಗರಿಬೇಳೆ ಗಿರಣಿ. ಅದನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಊರೂರಿಗೆ ಹೋಗಿ ಮನೆಬಾಗಿಲಲ್ಲೇ ಬೇಳೆ ಮಾಡಿಕೊಡುವುದು ನಮ್ಮಿಬ್ಬರ ಯೋಜನೆ. ನಮ್ಮ ಕಡೆಯ ಹೆಂಗಸರಿಗೆ ಮಾರುವ ತೊಗರಿಗಿಂತ ಮನೆಗೆಂದು ತೆಗೆದಿಟ್ಟ ಒಂದೆರಡು ಚೀಲದ ಮೇಲೆ ಜೀವ ಜಾಸ್ತಿ. ದೊಡ್ಡ ಗಿರಣಿಗೆ ಕೊಟ್ಟರೆ ತಮ್ಮ ತೊಗರಿ ಇನ್ಯಾರದೋ ತೊಗರಿಯ ಜೊತೆ ಬೆರೆತು ಬರುತ್ತದೆ ಎಂಬ ಅನುಮಾನ ಅವರಿಗೆ ಇದ್ದೇ ಇದೆ. ಕಣ್ಣೆದುರಿಗೆ ಸುರಿದು ಕಣ್ಣೆದುರಿಗೇ ತುಂಬಿಕೊಳ್ಳಬೇಕು. ಗಿರಣಿಯನ್ನು ಪಿಕಪ್ಪಿನ ಮೇಲೇರಿಸಿದರೆ ಚೀಲಗಳಿಗೆ ಜಾಗ ಉಳಿಯುವುದಿಲ್ಲ, ಅದಕ್ಕೇ ಎಳೆಯುವ ಯೋಚನೆ.

ತೊಡಕು ಇದ್ದದ್ದು ಒಂದೇ. ಗಾಡಿ ಮೂರನೇ ಗೇರಿಗೆ ಬಂದಾಗ ಹುಂಯ್ ಎಂದು ಗುನುಗುತ್ತಿತ್ತು. ಅದನ್ನು ಮೊದಲು ಹಿಡಿದವಳು ಅಕ್ಕ. ಬೀಸುಕಲ್ಲಿನ ಮುಂದೆ ಅರ್ಧ ಆಯುಷ್ಯ ಕಳೆದವಳಿಗೆ ಒಳಗೆ ಏನೋ ಸವೆಯುತ್ತಿದೆ ಎಂಬುದು ಕಿವಿಗೇ ತಿಳಿಯುತ್ತದೆ. ಸೇಡಂನ ಸರ್ವಿಸ್ ಸೆಂಟರಿನವರು ಓಡಿಸಿ ನೋಡಿ, ಗೇರ್‌ಬಾಕ್ಸನ್ನೇ ವಾರಂಟಿಯಲ್ಲಿ ಬದಲಿಸಿಕೊಡುತ್ತೇವೆ, ಹೊಸದು ಬಂದಾಗ ಫೋನ್ ಮಾಡುತ್ತೇವೆ ಎಂದಿದ್ದರು. ಅದು ಇನ್ನೂ ಬಂದಿರಲಿಲ್ಲ. ಗಿರಣಿ ಎಳೆಯಲು ಗಾಡಿಯ ಹಿಂದೆ ಕೊಂಡಿ ಕೂರಿಸಬೇಕು. ಕೊಂಡಿ ಕಂಡು ಅವರು ವಾರಂಟಿ ಇಲ್ಲ ಎಂದುಬಿಟ್ಟರೆ ಗೇರ್‌ಬಾಕ್ಸ್ ನಮ್ಮ ತಲೆಗೆ. ಒಂದು ಜೋಡಿ ಒಳ್ಳೆಯ ಎತ್ತಿನ ಬೆಲೆ ಅದಕ್ಕೆ. ಬೇಳೆಯ ಹಂಗಾಮು ಗಾಡಿಯ ರಿಪೇರಿಯಲ್ಲೇ ಮುಗಿದುಹೋಗುತ್ತದೆ.

ಆದರೂ ನನಗೆ ಧೈರ್ಯವಿತ್ತು. ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ನಾನು ಓದಿದ್ದೆ. ಪಿಕಪ್ ಕೊಂಡವರಲ್ಲಿ ಅದನ್ನು ಬಿಡಿಸಿ ನೋಡಿದವರು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಎಷ್ಟು ತೂಕ ಎಳೆಯಬಹುದೆಂದು ಅದರಲ್ಲಿ ಬರೆದಿದ್ದರು, ಗಿರಣಿಯ ತೂಕ ಅದಕ್ಕಿಂತ ಕಡಿಮೆಯೇ ಇತ್ತು.

ಸುಲೇಪೇಟ ದಾಟುವ ಹೊತ್ತಿಗೆ ಬಿಸಿಲು ಬಂತು. ಕಟಾವು ಮುಗಿದ ಹೊಲಗಳಲ್ಲಿ ತೊಗರಿಕಟ್ಟಿಗೆಯ ರಾಶಿ ಬಿಟ್ಟರೆ ಬೇರೇನಿಲ್ಲ. ದಾರಿಯುದ್ದಕ್ಕೂ ಅಕ್ಕನ ದೂರು ಒಂದೇ, ನನ್ನ ಎಡಗಾಲು. ಗೇರ್ ಬದಲಿಸಿ ಆದ ಮೇಲೂ ನಾನು ಕಾಲನ್ನು ಕ್ಲಚ್ಚಿನ ಮೇಲೇ ಇಟ್ಟಿರುತ್ತೇನಂತೆ, ಹಾಗಿಟ್ಟರೆ ಕ್ಲಚ್ಚು ಸವೆದುಹೋಗುತ್ತದಂತೆ. ಗಾಡಿ ಓಡಿಸಲು ಬಾರದವಳ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಗೂ ವಾರಂಟಿ ಇದೆಯಲ್ಲ ಎಂದೆ.

ಸೇಡಂನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಸರ್ವಿಸ್ ಸೆಂಟರಿಗೆ ಹೋದೆವು. ಮೇಲ್ವಿಚಾರಕ ನರಸಿಂಹಲು ತೆಲಂಗಾಣದ ಗಡಿಯ ಹಳ್ಳಿಯವರು. ನಿಧಾನದ ಮನುಷ್ಯ, ಏನು ಕೇಳಿದರೂ ಒಂದು ಕ್ಷಣ ಬಿಟ್ಟು ಉತ್ತರ ಕೊಡುತ್ತಾರೆ. ಕೊಂಡಿ ಹಾಕಿಸಬಹುದೇ ಎಂದು ಕೇಳಿದೆ.

"ಗಾಡಿ ಕೊಯ್ದ್ರ, ವೆಲ್ಡಿಂಗ್ ಮಾಡಿದ್ರ, ವೈರ್ ಕಡದ್ರ ವಾರಂಟಿ ಹೋಯ್ತು ನೋಡ್ರಿ," ಎಂದರು. "ಬರೀ ಕೊಂಡಿ ಹಚ್ಚಿದ್ರ ಏನಂತಾರೋ, ಅದು ನೋಡಿದ ಮ್ಯಾಲ ಹೇಳೂ ಮಾತು."

ಇದು ಹೌದೂ ಅಲ್ಲ, ಅಲ್ಲವೂ ಅಲ್ಲ. ನಾನು ಅದನ್ನು ಹೌದು ಎಂದೇ ಇಟ್ಟುಕೊಂಡೆ.

ಚಿತ್ತಾಪುರದಲ್ಲಿ ಗಾಳಿ ತುಂಬಿಸಲು ನಿಂತಾಗ ಪಕ್ಕದ ಅಂಗಡಿಯವನು ಗಾಡಿಯ ಕೆಳಗೆ ಬಗ್ಗಿ ನೋಡಿ, ಹಿಂದೆ ಎರಡೆರಡು ಪಾಟಾ ಜಾಸ್ತಿ ಹಾಕಿಸದೆ ಏನನ್ನೂ ಎಳೆಯಬೇಡಿ ಎಂದ. ಪಾಟಾ ಎಂದರೆ ಗಾಡಿಯ ಭಾರ ಹೊರುವ ಕಮಾನಿನ ಪಟ್ಟಿ. ವಾಡಿಯಲ್ಲಿ ಚಹಾ ಕುಡಿಯುವಾಗ ಸಿಮೆಂಟ್ ಲಾರಿಯ ಚಾಲಕನೊಬ್ಬ ಇನ್ನೂ ಮುಂದೆ ಹೋದ. ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ತುಂಬಿಸಿದರೆ ಗಾಡಿಗೆ ಆನೆಬಲ ಬರುತ್ತದಂತೆ, ಸರ್ವಿಸಿಗೆ ಬಿಡುವ ಹಿಂದಿನ ದಿನ ಹಳೆಯ ಲೆಕ್ಕವನ್ನೇ ತಿರುಗಿ ತುಂಬಿಸಿದರೆ ಯಾರಿಗೂ ತಿಳಿಯುವುದಿಲ್ಲವಂತೆ. ಅಷ್ಟು ಬಲ ಬಂದರೆ ಅದು ಮೊದಲು ಈಗಲೇ ಗುನುಗುತ್ತಿರುವ ಗೇರ್‌ಬಾಕ್ಸನ್ನೇ ತಿನ್ನುವುದಿಲ್ಲವೇ ಎಂದು ಅಕ್ಕ ಕೇಳಿದಳು. ಅವನು ಚಹಾ ಮುಗಿಸಿ ಎದ್ದ.

ಕಾಗಿಣಾ ಸೇತುವೆ ದಾಟಿ ಶಹಾಬಾದ ಸೇರಿದಾಗ ನೆತ್ತಿ ಸುಡುವ ಹೊತ್ತು. ರಸ್ತೆಯ ಎರಡೂ ಕಡೆ ನೆಲಕ್ಕೆ ಹಾಸುವ ಫರಸಿಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಗಿಡ, ಗೋಡೆ, ನಿಂತ ಸೈಕಲ್ಲು, ಎಲ್ಲದರ ಮೇಲೂ ಬಿಳಿಯ ಹುಡಿ. ನಮ್ಮ ಗಿರಣಿ ಮಾಡಿದವರು ಖಾಜಾಭಾಯಿ. ತಂದೆಯ ಕಾಲದಿಂದಲೂ ಅವರದು ಫರಸಿ ಕೊಯ್ಯುವ ಯಂತ್ರ ಕಟ್ಟುವ ವರ್ಕ್‌ಶಾಪು. ಹಸಿರು ಬಣ್ಣ ಬಳಿದು ನಿಲ್ಲಿಸಿದ್ದ ಗಿರಣಿಯನ್ನು ನೋಡಿ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅಕ್ಕ ಸುಮ್ಮನೆ ಅದರ ಸುತ್ತ ಒಂದು ಸುತ್ತು ಬಂದು ಕಾಳು ಸುರಿಯುವ ಬಾಯಿಯ ತಗಡನ್ನು ಸೆರಗಿನಿಂದ ಒರೆಸಿದಳು. ಗಿರಣಿ ಕೂರಿಸಿದ ಟ್ರಾಲಿಯ ನಂಬರು, ಕಾಗದಪತ್ರ ಎಲ್ಲವನ್ನೂ ಖಾಜಾಭಾಯಿಯೇ ಮಾಡಿಸಿಟ್ಟಿದ್ದರು.

ಜಗಳ ಶುರುವಾದದ್ದು ಕೊಂಡಿಯ ವಿಷಯಕ್ಕೆ. ಅವರು ವೆಲ್ಡಿಂಗ್ ಕಡ್ಡಿ ಕೈಗೆತ್ತಿಕೊಂಡೇ ಬಂದರು, ನಾನು ಅಡ್ಡ ನಿಂತೆ. ಬೋಲ್ಟ್ ಹಾಕಿ ಕೂರಿಸಿ ಎಂದೆ. ಅವರ ಮುಖ ಚಿಕ್ಕದಾಯಿತು. ಕಲ್ಲು ಕೊಯ್ಯುವ ಯಂತ್ರ ಹಗಲೆಲ್ಲ ಗಡಗಡ ನಡುಗುತ್ತದೆ, ಸಂಜೆಗೆ ನೋಡಿದರೆ ಅರ್ಧ ಬೋಲ್ಟು ನೆಲದ ಮೇಲಿರುತ್ತವೆ. ಹಾಗಾಗಿ ಶಹಾಬಾದದಲ್ಲಿ ಬೋಲ್ಟಿಗೆ ಮರ್ಯಾದೆ ಇಲ್ಲ. ಬೆಸೆದದ್ದೇ ಕೆಲಸ, ಉಳಿದದ್ದೆಲ್ಲ ತಾತ್ಕಾಲಿಕ.

"ನಡು ದಾರ್ಯಾಗ ಕೊಂಡಿ ಕಳಚ್ತಂದ್ರ ಹಿಂದ ಬರೂ ಮಂದಿ ಗತಿ ಏನ್ರಿ?" ಎಂದರು. "ನಿಮ್ಗ ವಾರಂಟಿ ಫಿಕರ್. ನಂಗ ಮಂದಿ ಜಾನಿನ ಫಿಕರ್."

ನನ್ನ ಹೆದರಿಕೆ ಸುಳ್ಳಲ್ಲ, ಅವರದೂ ಸುಳ್ಳಲ್ಲ. ಕಡೆಗೆ ಇಬ್ಬರೂ ಗಾಡಿಯ ಕೆಳಗೆ ಅಂಗಾತ ಮಲಗಿ ನೋಡಿದೆವು. ಚಾಸಿಯ ಹಿಂತುದಿಯಲ್ಲಿ ಕಂಪನಿಯವರೇ ಕೊರೆದು ಬಿಟ್ಟ ತೂತುಗಳಿದ್ದವು. ಅವಕ್ಕೆ ಸರಿಯಾಗಿ ದಪ್ಪ ತಗಡು ಕೊಯ್ದು, ಒಂದೊಂದು ಬೋಲ್ಟಿಗೂ ಎರಡೆರಡು ನಟ್ಟು ಹಾಕಿ, ಮೇಲೊಂದು ಪಿನ್ನು ಚುಚ್ಚಿ ಸಂಜೆಯ ಹೊತ್ತಿಗೆ ಕೊಂಡಿ ಕೂರಿಸಿದರು. ಟ್ರಾಲಿಯ ಕೆಂಪು ದೀಪಕ್ಕೂ ಗಾಡಿಯ ವೈರು ಕತ್ತರಿಸಲಿಲ್ಲ, ನಡುವೆ ಸಿಕ್ಕಿಸುವ ಪ್ಲಗ್ಗೊಂದನ್ನು ತರಿಸಿ ಹಚ್ಚಿದರು. ಆದರೆ ಒಂದು ಷರತ್ತು ಹಾಕಿದರು. ಊರು ಬಂದಾಗಲೆಲ್ಲ ಇಳಿದು ಬೋಲ್ಟು ಬಿಗಿಮಾಡಬೇಕು. ಬಿಗಿಮಾಡುವ ಪಾನಾವನ್ನು ನನ್ನ ಕೈಗೆ ಕೊಡಲಿಲ್ಲ, ಅಕ್ಕನ ಕೈಗೆ ಕೊಟ್ಟರು.

ರಾತ್ರಿ ಊಟ ಅವರ ಮನೆಯಲ್ಲೇ ಆಯಿತು. ಅಕ್ಕ ಮಾಂಸ ತಿನ್ನುವುದಿಲ್ಲವೆಂದು ಅವರ ಮನೆಯವರು ಬೇರೆಯಾಗಿ ಹುಳಿ ಹಿಂಡಿದ ಖಟ್ಟಾ ಬೇಳೆ ಮಾಡಿದ್ದರು. ಇದು ಎಲ್ಲಿಯ ತೊಗರಿ ಎಂದು ಅಕ್ಕ ಕೇಳಿದಳು. ಅಂಗಡಿಯದು ಎಂದರು. ಮುಂದಿನ ಸಲ ನಮ್ಮದು ತರುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ಹೊರಟೆವು. ಹಿಂದೆ ಗಿರಣಿ ಇದ್ದಾಗ ಗಾಡಿಯ ನಡಿಗೆಯೇ ಬೇರೆ. ಬ್ರೇಕು ಮುಂಚೆಯೇ ಒತ್ತಬೇಕು, ತಿರುವಿನಲ್ಲಿ ಅಗಲಕ್ಕೆ ಹೋಗಬೇಕು, ರಸ್ತೆಯ ಉಬ್ಬು ಬಂದರೆ ಹಸುಗೂಸು ಹೊತ್ತವರ ಹಾಗೆ ದಾಟಬೇಕು. ವಾಡಿಯಲ್ಲಿ ನಿಂತು ಬಿಗಿಮಾಡಲು ನೋಡಿದೆ, ಬೋಲ್ಟು ಕೂದಲೆಳೆಯಷ್ಟೂ ಸಡಿಲಾಗಿರಲಿಲ್ಲ. ಚಿತ್ತಾಪುರದಲ್ಲಿಯೂ ಅಷ್ಟೇ. ಅಲ್ಲಿ ಹೋಟೆಲಿನ ಮುಂದೆ ಹಿಂದಕ್ಕೆ ತೆಗೆಯಲು ಹೋಗಿ ಮಾನ ಹೋಯಿತು. ನಾನು ಎಡಕ್ಕೆ ತಿರುಗಿಸಿದರೆ ಗಿರಣಿ ಬಲಕ್ಕೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಕಡೆಗೆ ಗಿರಣಿಯನ್ನು ಕೊಂಡಿಯಿಂದ ಕಳಚಿದೆ, ಚಹಾ ಕುಡಿಯುತ್ತಿದ್ದ ನಾಲ್ಕು ಮಂದಿ ಅದನ್ನು ಕೈಯಿಂದ ತಳ್ಳಿ ತಿರುಗಿಸಿಕೊಟ್ಟರು.

ಸೇಡಂ ಇನ್ನೂ ಒಂದೆರಡು ಕಿಲೋಮೀಟರ್ ಇರುವಾಗ ನರಸಿಂಹಲು ಅವರ ಫೋನ್ ಬಂತು. ಗೇರ್‌ಬಾಕ್ಸ್ ಬಂದಿದೆ, ಗಾಡಿಯನ್ನು ಕೆಲಸಕ್ಕೆ ಬಿಡುವ ಮುಂಚೆ ಒಮ್ಮೆ ತಂದು ತೋರಿಸಿ ಎಂದರು. ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದೆ. ಪಕ್ಕದಲ್ಲೇ ಢಾಬಾ ಇತ್ತು. ಗಿರಣಿಯನ್ನು ಅಲ್ಲಿ ಬಿಟ್ಟು, ಬೋಲ್ಟು ಬಿಚ್ಚಿ, ಕೊಂಡಿಯನ್ನು ಗೋಣಿಚೀಲದಲ್ಲಿ ಸುತ್ತಿಟ್ಟರೆ ಅರ್ಧ ತಾಸಿನ ಕೆಲಸ. ಖಾಜಾಭಾಯಿ ಬೆಸೆದಿದ್ದರೆ ಈ ಆಸೆ ಹುಟ್ಟುತ್ತಲೇ ಇರಲಿಲ್ಲ. ನಾನು ಪಾನಾಕ್ಕೆ ಕೈ ಚಾಚಿದೆ. ಅಕ್ಕ ಅದನ್ನು ಮಡಿಲಲ್ಲೇ ಹಿಡಿದುಕೊಂಡಳು.

"ಬಿಗಿ ಮಾಡಾಕ ಹೊಂಟೀಯೋ, ಬಿಚ್ಚಾಕ ಹೊಂಟೀಯೋ?" ಎಂದಳು.

ನಾನು ಚಾಚಿದ ಕೈ ಹಿಂದಕ್ಕೆ ಎಳೆಯಲಿಲ್ಲ.

"ನಿಮ್ಮ ತೊಗರಿ ನಿಮಗೇ ಬರ್ತದ, ಒಂದು ಕಾಳು ಬ್ಯಾರೆ ಬೆರಸಂಗಿಲ್ಲ ಅಂತ ಊರೆಲ್ಲಾ ಹೇಳಿ ಬಂದೀನಿ ತಮ್ಮಾ. ಗಿರಣಿ ಇನ್ನಾ ಊರು ಮುಟ್ಟಿಲ್ಲ. ಈಗೇ ಬೆರಸಾಕತ್ತೀ?"

ಸಿಟ್ಟು ಬಂತು, ನಿಜ. ಅವಳ ಮೇಲಲ್ಲ, ಅವಳು ಸರಿಯಾಗಿ ಹೇಳಿದ್ದರ ಮೇಲೆ. ಪಾನಾ ಇಸಿದುಕೊಂಡು ಗಾಡಿಯ ಹಿಂದೆ ಹೋಗಿ ನಾಲ್ಕೂ ಬೋಲ್ಟು ಬಿಗಿಮಾಡಿದೆ. ಗಿರಣಿಯನ್ನು ಎಳೆದುಕೊಂಡೇ ಸರ್ವಿಸ್ ಸೆಂಟರಿನ ಗೇಟು ಹೊಕ್ಕೆ. ಮಾಡುವುದೇ ಆದರೆ ಎದೆಯುಬ್ಬಿಸಿ ಮಾಡಬೇಕೆಂದು ಹಾರ್ನನ್ನೂ ಹೊಡೆದೆ.

ನರಸಿಂಹಲು ಗಿರಣಿಯನ್ನು ನೋಡಿದರು, ನನ್ನನ್ನು ನೋಡಿದರು, ಕೆಳಗೆ ಬಗ್ಗಿ ಕೊಂಡಿಯನ್ನು ನೋಡಿದರು. ಬ್ಯಾಟರಿ ಹಿಡಿದು ಒಂದೊಂದೇ ಬೋಲ್ಟು, ದೀಪದ ಪ್ಲಗ್ಗು ಪರೀಕ್ಷಿಸಿದರು. ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು, ನಮಗೆ ಕುಂದ್ರಿ ಎಂದರು. ನಾವು ಕುಳಿತೆವು. ಅಕ್ಕ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟಳು. ನಾನು ರೊಟ್ಟಿಯನ್ನು ಚೂರು ಮಾಡುತ್ತ ಕೂತೆ. ಒಂದು ಜೋಡಿ ಎತ್ತು ಕಣ್ಣ ಮುಂದೆ ಹಗ್ಗ ಕಿತ್ತುಕೊಂಡು ಹೋದ ಹಾಗಾಗುತ್ತಿತ್ತು. ಅವಳು ಎರಡು ರೊಟ್ಟಿ ನೆಮ್ಮದಿಯಾಗಿ ತಿಂದಳು.

ಬಹಳ ಹೊತ್ತಿನ ಮೇಲೆ ಅವರು ಫೋನ್ ಜೇಬಿಗೆ ಹಾಕಿಕೊಂಡು ಬಂದರು.

"ಗೇರ್‌ಬಾಕ್ಸ್ ಸಪ್ಪಳ ಕೊಂಡಿಗಿಂತ ಮುಂಚಿಂದು, ನಾನೇ ಕೇಳೀನಿ. ಅದು ಕಂಪನಿದು, ಸೋಮವಾರ ಹಾಕಿ ಕೊಡ್ತೀವಿ," ಎಂದರು. ಎಂದಿನಂತೆ ಒಂದು ಕ್ಷಣ ಬಿಟ್ಟು, "ಆದ್ರ ಎಳೆಯೋ ಗಾಡಿಗಿ ಕ್ಲಚ್ಚಿನ ವಾರಂಟಿ ಕೊಡಲ್ಲಂತ. ಇವತ್ತಿಂದ ಕ್ಲಚ್ ನಿಮ್ದು ನೋಡ್ರಿ," ಎಂದರು.

ನಾನು ಅವರ ಕೈ ಹಿಡಿದು ಕುಲುಕಿದೆ. ಎತ್ತು ಉಳಿದವು. ಅಲ್ಲಿಯವರೆಗೆ ಸೋಮವಾರ ಎಂಬ ದಿನದ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ.

ಇಳಿಹೊತ್ತಿಗೆ ಚಿಂಚೋಳಿಯ ಕಡೆಯ ಗುಡ್ಡಗಳು ಕಂಡವು. ಏರು ಶುರುವಾಯಿತು. ಹಿಂದೆ ಗಿರಣಿಯ ಭಾರ, ಮುಂದೆ ಎಂದಿನ ಹುಂಯ್ ಸದ್ದು. ಈಗ ಆ ಸದ್ದು ನನಗೆ ಬೇರೆಯವರ ಮನೆಯ ರೇಡಿಯೋ ಇದ್ದ ಹಾಗೆ, ಅದರ ಚಿಂತೆ ನನಗಿಲ್ಲ. ಗಾಡಿ ಎಲ್ಲೂ ಸೋಲದೆ ಹತ್ತಿತು. ಕನ್ನಡಿಯಲ್ಲಿ ಹಸಿರು ಗಿರಣಿ ಒಂದಿಷ್ಟೂ ಓಲಾಡದೆ ಹಿಂದೆಯೇ ಬರುತ್ತಿತ್ತು. ಪಕ್ಕದಲ್ಲಿ ಅಕ್ಕ ಕನ್ನಡಿಯನ್ನು ಬಿಟ್ಟು ಕೆಳಗೆ ನನ್ನ ಕಾಲಿನ ಕಡೆ ನೋಡುತ್ತಿದ್ದಳು. ನಾನೂ ನೋಡಿದೆ. ಎಡಗಾಲು ಕ್ಲಚ್ ಬಿಟ್ಟು ಪಕ್ಕದ ತಗಡಿನ ಮೇಲೆ ಜಾಣನ ಹಾಗೆ ಕೂತಿತ್ತು. ನಾನು ಇಟ್ಟದ್ದು ನನಗೇ ತಿಳಿದಿರಲಿಲ್ಲ.

"ಕಂಪನಿದು ಇದ್ದಾಗ ತುಳದಿ," ಎಂದಳು ಅಕ್ಕ, "ನಿಂದಾತು ನೋಡು, ಕಾಲು ತಾನೇ ಸರೀತು."