ಸಹಿ ಇಲ್ಲದೆ ಕೊಟ್ಟ ಡ್ರಾಯಿಂಗ್

2023ರಲ್ಲಿ ನಾನು ದೋಹಾದ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಕಚೇರಿ ಮುಶೈರಿಬ್‌ನಲ್ಲಿ, ಆರನೇ ಮಹಡಿ. ಆ ಕುರ್ಚಿಯಲ್ಲಿ ನನಗದು ಹನ್ನೊಂದನೇ ವರ್ಷ. ಹುದ್ದೆಯ ಹೆಸರು ಕೇಳಿದವರು ನಾನು ಫೈಲುಗಳ ಧೂಳು ಹೊಡೆಯುತ್ತೇನೆ ಎಂದುಕೊಳ್ಳುತ್ತಾರೆ. ಊರಿನಲ್ಲಿ ನನ್ನ ಅತ್ತೆಯದು ಈಗಲೂ ಅದೇ ಅಭಿಪ್ರಾಯ. ನಿಜವಾದ ಕೆಲಸ ಇಷ್ಟು: ಕಟ್ಟಡದ ಡ್ರಾಯಿಂಗ್ ಬದಲಾದಾಗಲೆಲ್ಲ ಹೊಸ ಪ್ರತಿಗೆ, ಅಂದರೆ ರಿವಿಷನ್‌ಗೆ, ಮುದ್ರೆ ಒತ್ತಿ ಸೈಟಿಗೆ ಕಳಿಸಬೇಕು. ತೆಗೆದುಕೊಂಡವರ ಸಹಿಯನ್ನು ರಿಜಿಸ್ಟರಿನಲ್ಲಿ ಪಡೆಯಬೇಕು. ಹಳೆಯ ಪ್ರತಿಯನ್ನು ವಾಪಸು ತರಿಸಿ ರದ್ದು ಮಾಡಬೇಕು. ಇಮೇಲಿನಲ್ಲಿ ಏನೇ ಬರಲಿ, ನಮ್ಮ ಸೈಟಿನಲ್ಲಿ ಮುದ್ರೆ ಬಿದ್ದ ಕಾಗದವೇ ಪ್ರಮಾಣ.

ಸುಮಾ ಅದೇ ಕಂಪನಿಯ ಕ್ಯೂಸಿ ಇಂಜಿನಿಯರ್, ಕೆಲಸದ ಗುಣಮಟ್ಟ ನೋಡುವವಳು. ದಿನವೂ ಬೆಳಿಗ್ಗೆ ಐದೂವರೆಗೆ ಹೊರಟು ಅಲ್ ಶಮಾಲ್‌ನ ಸೈಟಿಗೆ ಹೋಗುತ್ತಿದ್ದಳು. ಅವಳು ಮೈಸೂರಿನವಳು, ನಾನು ಉಡುಪಿ ಕಡೆಯವಳು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದು ವಿಲ್ಲಾದಲ್ಲಿ ಕೆಳಗೆ ನಾವು, ಮೇಲೆ ಅವರು: ಅವಳು, ಗಂಡ ಗಿರೀಶ, ಮಗಳು ಅನಘಾ. ಏಳು ವರ್ಷ ಹಾಗೇ ಕಳೆದಿತ್ತು. ನಾನು ಮಾತಿಗೊಮ್ಮೆ ‘ಮಾರಾಯ್ತಿ’ ಎನ್ನುವುದನ್ನು ಅವಳು ಆಡಿಕೊಂಡು ನಗುತ್ತಿದ್ದಳು. ಅವಳು ಮಾಡುವ ಮೀನುಸಾರನ್ನು, ಪಾಪ, ಮಾಡುವ ಉತ್ಸಾಹಕ್ಕಾಗಿ ನಾವು ತಿನ್ನುತ್ತಿದ್ದೆವು. ತಾನು ಮೀನು ತಿನ್ನದವಳು, ರುಚಿಯೂ ನೋಡದೆ ನಮಗಾಗಿ ಮಾಡುತ್ತಿದ್ದಳು. ನನ್ನ ಅಮ್ಮ ತೀರಿಕೊಂಡಾಗ ವಿಮಾನದಲ್ಲಿ ಸೀಟು ಸಿಗದೆ ನಾನು ಒದ್ದಾಡುತ್ತಿದ್ದರೆ, ರಜೆ ಹಾಕಿ ಎರಡು ದಿನ ನನ್ನ ಪಕ್ಕದಲ್ಲಿ ಕೂತವಳು ಸುಮಾ. ಒಡಹುಟ್ಟಿದವರೂ ಅಷ್ಟು ಮಾಡುತ್ತಿದ್ದರೋ ಇಲ್ಲವೋ.

ಇಂಥ ಸಲಿಗೆಯಲ್ಲಿ ನಾವಿಬ್ಬರೂ ಒಂದು ಕೆಟ್ಟ ಅಭ್ಯಾಸ ಮಾಡಿಕೊಂಡಿದ್ದೆವು. ಕಚೇರಿಯ ಡ್ರೈವರ್ ಅಲ್ ಶಮಾಲ್‌ಗೆ ಹೋಗುತ್ತಿದ್ದುದು ವಾರಕ್ಕೆ ಎರಡೇ ಸಲ. ತುರ್ತಿದ್ದಾಗ ನಾನು ಡ್ರಾಯಿಂಗ್ ಸುರುಳಿಯನ್ನು ಮನೆಗೆ ತಂದು, ಮೆಟ್ಟಿಲು ಹತ್ತಿ, ಅವಳ ಅಡಿಗೆಮನೆಯಲ್ಲೇ ಕೊಟ್ಟುಬಿಡುತ್ತಿದ್ದೆ. ಅವಳು ಸೈಟಿಗೆ ಒಯ್ದು, ಮುಂದೆ ಯಾವಾಗಲೋ ಕಚೇರಿಗೆ ಬಂದಾಗ ನಾಲ್ಕಾರು ಸಹಿ ಒಟ್ಟಿಗೆ ಹಾಕುತ್ತಿದ್ದಳು. ಇದು ನಿಯಮಕ್ಕೆ ವಿರುದ್ಧವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಚಪಾತಿ ಹಿಟ್ಟು ಮೆತ್ತಿದ ಕೈಗೆ ಪೆನ್ನು ಕೊಟ್ಟು ‘ಸಹಿ ಹಾಕು’ ಎನ್ನಲು ನಾಚಿಕೆಯಾಗುತ್ತಿತ್ತು.

ಸೆಪ್ಟೆಂಬರ್ 14, ಗುರುವಾರ. ಪಂಪ್ ರೂಮಿನ ಗೋಡೆಯ ಮೂರನೇ ರಿವಿಷನ್ ಮಧ್ಯಾಹ್ನ ಬಂತು. ಪೈಪುಗಳು ಹಾದುಹೋಗುವ ಮೂರು ಕಿಂಡಿಗಳ ಜಾಗ ಬದಲಾಗಿತ್ತು. ಡ್ರೈವರ್ ಆಗಲೇ ಹೋಗಿಯಾಗಿತ್ತು. ಸಂಜೆ ಸುರುಳಿಯನ್ನು ಎಂದಿನಂತೆ ಸುಮಾಗೆ ಕೊಟ್ಟು, ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರವೇ ಸೈಟಿಗೆ ತಲುಪಬೇಕೆಂದು ಹೇಳಿ ಬಂದೆ. ಅವಳು ಅದನ್ನು ಫ್ರಿಜ್ಜಿನ ಪಕ್ಕ ನಿಲ್ಲಿಸಿದಳು. ಮಾರನೆಯ ದಿನ ಅನಘಾಳ ಹುಟ್ಟುಹಬ್ಬ. ನಾವೆಲ್ಲ ಮೇಲೆಯೇ ಉಂಡೆವು.

25ರಂದು ಸೈಟಿನಲ್ಲಿ ಆ ಗೋಡೆಗೆ ಕಾಂಕ್ರೀಟ್ ಹಾಕಿದರು, ಹಳೆಯ ಡ್ರಾಯಿಂಗ್ ನೋಡಿಕೊಂಡು. ಎರಡು ದಿನದ ಮೇಲೆ ಹಲಗೆ ಬಿಚ್ಚಿದಾಗ ಪ್ಲಂಬಿಂಗ್ ಫೋರ್‌ಮನ್ ಅಳತೆ ಹಿಡಿದು ನೋಡಿದರೆ ಒಂದು ಕಿಂಡಿಯೂ ಇರಬೇಕಾದಲ್ಲಿ ಇರಲಿಲ್ಲ. ಇಡೀ ಗೋಡೆ ಒಡೆಯಬೇಕಾಯಿತು.

28ರ ಗುರುವಾರ ಪ್ರಾಜೆಕ್ಟ್ ಮ್ಯಾನೇಜರ್ ನಮ್ಮನ್ನೆಲ್ಲ ಕೂರಿಸಿದರು. ಈಜಿಪ್ಟಿನವರು, ದನಿ ಎತ್ತದ ಮನುಷ್ಯ. ಹೊಸ ಡ್ರಾಯಿಂಗ್ ಎಲ್ಲಿ ಹೋಯಿತೆಂದು ಕೇಳಿದರು. ನಾನು ಸುಮಾಗೆ ಕೊಟ್ಟೆನೆಂದೆ. ಅವರು ಸುಮಾಳತ್ತ ತಿರುಗಿದರು. ಆ ರಿವಿಷನ್ ತನ್ನ ಕೈಗೆ ಬಂದೇ ಇಲ್ಲ ಎಂದು ಅವಳು ಇಂಗ್ಲಿಷಿನಲ್ಲಿ, ಒಂದೇ ವಾಕ್ಯದಲ್ಲಿ ಹೇಳಿದಳು. ನನಗೆ ಮೊದಲು ಅರ್ಥವೇ ಆಗಲಿಲ್ಲ. ರಿಜಿಸ್ಟರ್ ತೆರೆದು ನೋಡಿದರೆ ಅವಳ ಹೆಸರಿನ ಮುಂದೆ ಸಹಿಯ ಜಾಗ ಖಾಲಿ. ಮೂರು ದಿನದೊಳಗೆ ಒಪ್ಪುವಂಥ ಲಿಖಿತ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯುವುದಾಗಿ ನನಗೆ ಪತ್ರ ಬಂತು. ಇಲ್ಲಿ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಹಾಗೆ ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ, ಮನೆ, ಎಲ್ಲವೂ ಅದರ ಹಿಂದೆಯೇ ಹೋಗುತ್ತದೆ.

ಸಂಜೆ ಮೇಲೆ ಹೋದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ಫ್ರಿಜ್ಜಿನ ಪಕ್ಕ ಏನೂ ಇರಲಿಲ್ಲ.

“ಇಲ್ಲೇ ನಿಂತು ಕೊಟ್ಟದ್ದಲ್ವಾ ಸುಮಾ? ಎಂತ ಮಾತಾಡ್ತಿ ನೀನು?”

“ನನಗೆ ನೆನಪೇ ಇಲ್ಲ ಕಣೆ,” ಎಂದಳು. ಲಟ್ಟಣಿಗೆಯಿಂದ ಕಣ್ಣೆತ್ತಲಿಲ್ಲ. ಅವಳಿಗೆ ನೆನಪಿತ್ತು. ಏಳು ವರ್ಷ ನೋಡಿದ ಮುಖ, ನನಗೆ ತಿಳಿಯದೇ?

ಕೆಳಗೆ ಬಂದು ಸುಮ್ಮನೆ ಮೊಬೈಲಿನಲ್ಲಿ ಹುಟ್ಟುಹಬ್ಬದ ಫೋಟೊಗಳನ್ನು ನೋಡುತ್ತ ಕೂತೆ. ಒಂದರಲ್ಲಿ ಅನಘಾ ಕೇಕಿನ ಮುಂದೆ ನಿಂತಿದ್ದಾಳೆ, ಸುಮಾ ಅವಳ ಭುಜ ಹಿಡಿದು ನಗುತ್ತಿದ್ದಾಳೆ, ಹಿಂದೆ ಫ್ರಿಜ್ಜಿನ ಪಕ್ಕ ನನ್ನ ಹಳದಿ ಚೀಟಿ ಅಂಟಿಸಿದ ಸುರುಳಿ. ಚೀಟಿಯ ಮೇಲೆ ನಾನು ಮಾರ್ಕರಿನಲ್ಲಿ ದಪ್ಪಗೆ ಬರೆದ ರಿವಿಷನ್ ನಂಬರು ದೊಡ್ಡದು ಮಾಡಿದರೆ ಸ್ಪಷ್ಟವಾಗಿ ಓದಬಹುದಿತ್ತು. ಮೇಲೆ ಹೋಗಿ ಅವಳಿಗೆ ತೋರಿಸಬಹುದಿತ್ತು. ಹದಿನೆಂಟು ಮೆಟ್ಟಿಲು, ಅಷ್ಟೇ. ಹೋಗಲಿಲ್ಲ. ಅವಳು ನನ್ನನ್ನು ಬೀದಿಗೆ ತಳ್ಳಲು ಹೊರಟಿದ್ದಾಳೆ, ನಾನೇಕೆ ಎಚ್ಚರಿಸಲಿ ಎಂಬ ಕೋಪ. ಶುಕ್ರವಾರ, ಶನಿವಾರ ಒಂದೇ ಗೇಟಿನಲ್ಲಿ ಓಡಾಡಿದೆವು, ಮಾತಿಲ್ಲ. ಭಾನುವಾರ ಬೆಳಿಗ್ಗೆ ಫೋಟೊವನ್ನು ಮ್ಯಾನೇಜರಿಗೆ ಕೊಟ್ಟೆ.

ಅವರು ಅವಳನ್ನು ಕರೆಸಿ, ನನ್ನೆದುರೇ ಇನ್ನೊಮ್ಮೆ ಕೇಳಿದರು. ಅವಳು ಇನ್ನೊಮ್ಮೆ ಇಲ್ಲವೆಂದಳು. ಆಗ ಅವರು ಫೋಟೊವನ್ನು ಅವಳತ್ತ ತಿರುಗಿಸಿದರು. ಮರೆತೆನೆಂದು ಹೇಳಿದ್ದರೆ ವಾರ್ನಿಂಗ್ ಕೊಟ್ಟು ಮುಗಿಸುತ್ತಿದ್ದೆ, ಸುಳ್ಳು ಹೇಳುವವರನ್ನು ಕ್ವಾಲಿಟಿಯಲ್ಲಿ ಇಟ್ಟುಕೊಳ್ಳಲಾರೆ ಎಂದರು. ಕೊನೆಗೆ ಮೆಲ್ಲಗೆ, “ಖಲಾಸ್.” ಸಹಿಯಿಲ್ಲದೆ ಡ್ರಾಯಿಂಗ್ ಕೊಟ್ಟಿದ್ದಕ್ಕೆ ನನಗೆ ವಾರ್ನಿಂಗ್ ಪತ್ರ, ಅವಳಿಗೆ ಒಂದು ತಿಂಗಳ ನೋಟಿಸ್. ನಾನು ಗೆದ್ದಿದ್ದೆ.

ಅಕ್ಟೋಬರ್ ಮಧ್ಯದಲ್ಲಿ ಸೆಕೆ ಇಳಿಯಿತು. ಇಲ್ಲಿಯವರಿಗೆ ಅದೇ ದೊಡ್ಡ ಹಬ್ಬ: ತಿಂಗಳುಗಟ್ಟಲೆ ಗುರುಗುಟ್ಟಿದ ಎಸಿ ನಿಲ್ಲಿಸಿ, ಕಿಟಕಿ ತೆರೆದು, ಹೊರಗಿನ ಗಾಳಿ ಒಳಗೆ ಬಿಟ್ಟುಕೊಳ್ಳುವ ದಿನ. ಪ್ರತಿವರ್ಷ ಅವತ್ತು ಎರಡೂ ಮನೆಯವರು ತಾರಸಿಯಲ್ಲಿ ಚಾಪೆ ಹಾಸಿ ಉಣ್ಣುತ್ತಿದ್ದೆವು. ಆ ವರ್ಷ ಕಿಟಕಿ ತೆರೆದರೆ ಮೇಲಿಂದ ಪೆಟ್ಟಿಗೆಗಳಿಗೆ ಟೇಪ್ ಸುತ್ತುವ ಸದ್ದು ಕೇಳಿಸುತ್ತಿತ್ತು. ನಾನು ಎದ್ದು ಕಿಟಕಿ ಮುಚ್ಚಿ ಮತ್ತೆ ಎಸಿ ಹಾಕಿಕೊಂಡೆ.

ಅವರು ಹೊರಡುವ ಹಿಂದಿನ ಸಂಜೆ ಮೆಟ್ಟಿಲ ಬುಡದಲ್ಲಿ ಇಬ್ಬರೂ ಎದುರಾದೆವು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

“ಗಿರೀಶನ ಕೆಲಸ ಜುಲೈನಲ್ಲೇ ಹೋಯ್ತು ಕಣೆ,” ಎಂದಳು ಸುಮಾ. “ಮನೆ ನಿಂತಿದ್ದು ನನ್ನೊಬ್ಬಳ ಕೆಲಸದ ಮೇಲೆ. ಅನಘಾ ಹತ್ತನೇ ಕ್ಲಾಸು. ಆವತ್ತು ಮೀಟಿಂಗಲ್ಲಿ ಬಾಯಿಗೆ ಬಂದಿದ್ದು ಅದೊಂದೇ ಮಾತು.”

ಜುಲೈ! ಗಿರೀಶ ದಿನವೂ ಬೆಳಿಗ್ಗೆ ಟೈ ಕಟ್ಟಿಕೊಂಡು ನನಗೆ ಕೈಬೀಸಿ ಕಾರು ಹತ್ತುತ್ತಿದ್ದ. ವಾರಕ್ಕೆ ನಾಲ್ಕು ದಿನ ನಾವು ಒಟ್ಟಿಗೆ ಉಣ್ಣುತ್ತಿದ್ದೆವು. ಮೀಟಿಂಗಿನ ಸುಳ್ಳಿಗಿಂತ ಇದೇ ನನಗೆ ಹೆಚ್ಚು ನೋವು ಮಾಡಿತು.

“ನನ್ನ ಹತ್ರ ಯಾಕೆ ಹೇಳ್ಲಿಲ್ಲ?”

“ನೀನು ಫೋಟೊ ಇದೆ ಅಂತ ನನಗೆ ಯಾಕೆ ಹೇಳ್ಲಿಲ್ಲ ಐರಿನ್?”

ಅವಳು ಹತ್ತಿ ಹೋದಳು. ಮಾರನೆಯ ದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಮೇಲಿನ ಬಾಗಿಲಿಗೆ ಬೀಗ ಬಿದ್ದಿತ್ತು.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಯಾರೇ ಬರಲಿ, ಮೊದಲು ಸಹಿ, ಆಮೇಲೆ ಡ್ರಾಯಿಂಗ್. ಹೊಸಬರು ‘ನಂಬಿಕೆ ಇಲ್ವಾ ಮೇಡಂ’ ಎಂದು ಮುನಿಸಿಕೊಳ್ಳುತ್ತಾರೆ. ನಮಗೆ ಬೇಕಾದವರಿಂದಲೇ ಮೊದಲು ಸಹಿ ತೆಗೆದುಕೊಳ್ಳಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠವೆಂದು ಅವರಿಗೆ ವಿವರಿಸಲು ಹೋಗುವುದಿಲ್ಲ. ಸುಮಾ ಮಾಡಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆ ಗುರುವಾರ ನಾನು ನಾಚಿಕೆ ಬಿಟ್ಟು ಪೆನ್ನು ಚಾಚಿದ್ದರೆ, ಇಲ್ಲವೆನ್ನುವ ದಾರಿಯೇ ಅವಳಿಗಿರುತ್ತಿರಲಿಲ್ಲ. ಮರೆತೆನೆಂದು ಒಪ್ಪಿಕೊಂಡು, ಮ್ಯಾನೇಜರಿಂದ ಬೈಸಿಕೊಂಡು, ಸಂಜೆ ನನ್ನ ಅಡಿಗೆಮನೆಗೆ ಬಂದು ಅತ್ತು, ಗಿರೀಶನ ವಿಷಯವನ್ನೂ ಹೇಳಿ, ಚಹಾ ಕುಡಿದು ಹೋಗುತ್ತಿದ್ದಳು.