ಗುರೂಜಿ ಹೆಸರಿನ ಬಿಲ್ಲುಗಳು

ಅಪ್ಪ ರಾಯಬಾಗದ ಹತ್ತಿರದ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮಾಸ್ತರರು. ಎಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಎದೆನೋವು ಗಂಟುಬಿತ್ತು. ಗಡಿಯಾಚೆ ಮಹಾರಾಷ್ಟ್ರದ ಮಿರಜದ ಡಾಕ್ಟರು ಬರೆದುಕೊಟ್ಟ ಗುಳಿಗೆಗಳು ಮಿರಜದಲ್ಲೇ ಸಿಗುತ್ತಿದ್ದವು. ತಿಂಗಳಿಗೊಮ್ಮೆ ರೈಲು ಹತ್ತಿ ಹೋಗಿ ತರುತ್ತಿದ್ದವಳು ಅವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಒಂದು ಬಿಲ್ಲನ್ನೂ ಕಳೆದವಳಲ್ಲ. ಅಡುಗೆಮನೆಯ ಮೊಳೆಗೆ ಒಂದರ ಮೇಲೊಂದು ಚುಚ್ಚಿಡುತ್ತಿದ್ದಳು.

ಡಾಕ್ಟರ ಸಹಿಯೊಂದಿಗೆ ಬಿಲ್ಲುಗಳನ್ನು ಸಲ್ಲಿಸಿದರೆ ಔಷಧದ ಖರ್ಚನ್ನು ಸರ್ಕಾರ ಮರಳಿಸುತ್ತಿತ್ತು. ಅಪ್ಪ ಇಡೀ ವರ್ಷದ್ದನ್ನು ಒಟ್ಟಿಗೆ ಸಲ್ಲಿಸಿದರು. ಕಟ್ಟು ಹೋದಂತೆಯೇ ವಾಪಸ್ ಬಂತು. ರೋಗಿಯ ಹೆಸರಿರಬೇಕಾದ ಕಡೆಯಲ್ಲೆಲ್ಲ ಮರಾಠಿಯಲ್ಲಿ 'ಗುರೂಜಿ', ಅಂದರೆ ಮಾಸ್ತರರು, ಎಂದಿತ್ತು. ಈ ಗುರೂಜಿ ಯಾರೆಂದು ಕಚೇರಿಯವರು ಕೆಂಪು ಶಾಯಿಯಲ್ಲಿ ಕೇಳಿದ್ದರು. ಅಂಗಡಿಯವರದೇನೂ ತಪ್ಪಿಲ್ಲ, ಹೆಸರು ಕೇಳಿದಾಗಲೆಲ್ಲ ಅವ್ವ ಹೇಳಿದ್ದೇ ಅದು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಎತ್ತುವುದಿಲ್ಲ. ಎತ್ತಿದರೆ ಮದುವೆ, ಸೀಮಂತದ ಕುಬಸದಂಥ ಕಾರ್ಯಗಳಲ್ಲಿ, ಒಡಪು ಎಂಬ ಎರಡು ಸಾಲಿನ ಪ್ರಾಸಪದ್ಯದೊಳಗೆ ಸೇರಿಸಿ ಮಾತ್ರ.

"ಈ ರೊಕ್ಕ ಬರಲಿಲ್ಲಂದ್ರ ಬರೂ ತಿಂಗಳಿಂದ ಗುಳಿಗಿ ಬಂದ್. ಅರ್ಧಾ ಪಗಾರ ಅದಕ್ಕ ಹೊಂಟೈತಿ" ಎಂದರು ಅಪ್ಪ. ಆಡಿದ್ದನ್ನು ಮಾಡಿಯೇ ತೀರುವ ಮನುಷ್ಯ. ನನಗೆ ಭಯವಾಯಿತು. ಮರುದಿನ ಅವ್ವ ಬಿಲ್ಲಿನ ಕಟ್ಟನ್ನು ಚೀಲಕ್ಕೆ ಹಾಕಿ, ಆಗ ಕಾಲೇಜಿನಲ್ಲಿದ್ದ ನನ್ನನ್ನು ಕರೆದುಕೊಂಡು ಮಿರಜಕ್ಕೆ ಹೊರಟಳು. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಔಷಧದಂಗಡಿಯ ಮುದುಕರು ಬಿಲ್ಲುಗಳನ್ನು ತಿದ್ದಿ ಶಿಕ್ಕಾ ಒತ್ತಿಕೊಡಲು ಒಪ್ಪಿದರು. ನಾನು ಹೆಸರು ಹೇಳಲು ಬಾಯಿ ತೆರೆದೆ.

"ನೀ ಸುಮ್ಮನಿರವಾ. ನಿನ್ನ ನಾ ಯಾವತ್ತೂ ನೋಡಿಲ್ಲ. ಔಷಧ ಒಯ್ದಾಕಿ ಈಕಿ, ಈಕಿ ಬಾಯಿಂದನ ಬರಬೇಕು" ಎಂದರು.

ಎಂಥ ಜಿಗುಟು ಮುದುಕಪ್ಪ ಎಂದು ನನಗೆ ಮೈಯುರಿಯಿತು. ಅವ್ವ ತಲೆ ತಗ್ಗಿಸಿ ನಿಂತೇ ಇದ್ದಳು. ಮುದುಕರಿಗೆ ಏನು ಹೊಳೆಯಿತೋ, ದನಿ ಮೆತ್ತಗಾಯಿತು. ಮದುವೆ ಮನೆಯಲ್ಲಿ ಮದುಮಗಳನ್ನು ಕೇಳುವಂತೆ ಮರಾಠಿಯಲ್ಲಿ, "ನಾವ ಘ್ಯಾ, ವಹಿನಿ" ಎಂದರು. ಹೆಸರು ಹೇಳಿ ಅತ್ತಿಗೆ, ಎಂದು.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಷ್ಟು ಗಿರಾಕಿಗಳ ನಡುವೆ, ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದಳು: "ತಿಂಗಳಿಗೊಮ್ಮಿ ರೈಲ ಹತ್ತಿ ಒಯ್ತೇನಿ ಗುಳಿಗಿ..." ಎರಡನೆಯ ಸಾಲಿನಲ್ಲಿ ಅಪ್ಪನ ಹೆಸರು, ಅವರ ತಂದೆಯ ಹೆಸರು, ಮನೆತನದ ಅಡ್ಡಹೆಸರು ಎಲ್ಲ ಸ್ಪಷ್ಟವಾಗಿ ಬಂದವು. "...ಇವರು ನೂರು ವರ್ಷ ಇರಲಿ ನನ್ನ ಬಾಳಿಗಿ" ಎಂದು ಮುಗಿಸಿದಳು. ರೈಲಿನಲ್ಲಿ ಅವಳು ಕಟ್ಟುತ್ತಿದ್ದದ್ದು ಇದನ್ನೇ! ಯಾರೋ ಚಪ್ಪಾಳೆ ತಟ್ಟಿದರು. ಮುದುಕರು ಕೈಮುಗಿದು ಪೆನ್ನು ತೆಗೆದರು. ನನಗಂತೂ ಅವಳ ಮಗಳಾಗಿದ್ದಕ್ಕೆ ಹೆಮ್ಮೆಯೆನಿಸಿತು.

ಹಣ ಮಂಜೂರಾದ ದಿನ ಅಪ್ಪ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು, "ಅಂಗಡ್ಯಾಗ ಏನಂತ ಹೇಳಿದಿ? ನನಗೂ ಒಮ್ಮೆ ಹೇಳು ನೋಡೂಣು."

"ಬಿಲ್ಲಿನ್ಯಾಗ ಬರದಾರಲ್ರಿ, ಓದಕೋರಿ" ಎಂದು ಅವ್ವ ನೀರಿನ ತಂಬಿಗೆ ಮುಂದಿಟ್ಟಳು. ಅಪ್ಪ ಗುಳಿಗೆ ನುಂಗಿದರು.